ಕೈ ಹಿಂದ

ಅವರು ತೀರಿಕೊಂಡ ಸುದ್ದಿ ನಮ್ಮ ಕಾಲೇಜಿನ ವಾಟ್ಸ್ಯಾಪ್ ಗ್ರೂಪಿಗೆ ಬಂದಾಗ ನಾನು ರಾಯಚೂರಿನ ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಮೊಬೈಲು ತೆಗೆದು ನೋಡಿದರೆ ಕೈಮುಗಿದ ಪುಟ್ಟ ಚಿತ್ರಗಳು ಸಾಲುಗಟ್ಟಿ ನಿಂತಿದ್ದವು. ಒಬ್ಬರಾದರೂ ಒಂದು ಮಾತು ಬರೆದಿರಲಿಲ್ಲ. ಬರೆಯುವುದಾದರೂ ಏನನ್ನು? ಗ್ರೂಪಿನಲ್ಲಿರುವ ಅರ್ಧದಷ್ಟು ಮೇಷ್ಟ್ರುಗಳು ಒಂದು ಕಾಲಕ್ಕೆ ಅವರ ವಿದ್ಯಾರ್ಥಿಗಳೇ. 'ಒಳ್ಳೆಯ ಮನುಷ್ಯರಾಗಿದ್ದರು' ಎಂದು ಯಾರಾದರೂ ಬರೆದಿದ್ದರೆ ಅವರೆಲ್ಲ ತಮ್ಮ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಾನೂ ಬರೆಯಲಿಲ್ಲ. ಅವರನ್ನು ನಾನು ಇಷ್ಟಪಟ್ಟವಳಲ್ಲ. ಈಗ ಸತ್ತಿದ್ದಾರೆಂದು ಇಷ್ಟಪಡಲು ಶುರುಮಾಡುವುದೂ ನನಗೆ ಆಗದ ಕೆಲಸ. ಆದರೂ ಅಂದಿನಿಂದ ಮನಸ್ಸಿನಲ್ಲಿ ಅವರದೇ ಓಡಾಟ. ಹೆಸರು ಬೇಡ. ಎದುರಿಗೆ ಎಲ್ಲರೂ 'ಸರ್' ಅನ್ನುತ್ತಿದ್ದೆವು. ಬೆನ್ನ ಹಿಂದೆ ಹುಡುಗರು ಇಟ್ಟಿದ್ದ ಹೆಸರು ಅಚ್ಚು ಹಾಕಿಸುವಂಥದ್ದಲ್ಲ.

ರಾಯಚೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಅವರು ಮೆಕ್ಯಾನಿಕಲ್ ಹುಡುಗರಿಗೆ ಯಂತ್ರಗಳ ಸಿದ್ಧಾಂತ ಹೇಳುತ್ತಿದ್ದರು, ನಾನು ಡ್ರಾಯಿಂಗ್ ಹೇಳುತ್ತಿದ್ದೆ. ಎರಡು ಕೋಣೆಗಳ ನಡುವೆ ಒಂದೇ ಗೋಡೆ. ನಾನು ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದರೆ ಆಚೆಯಿಂದ ಫಟ್ ಎಂದು ಸದ್ದು ಬರುತ್ತಿತ್ತು. ನನ್ನ ಹುಡುಗರು ಪೆನ್ಸಿಲ್ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಸದ್ದಿನ ಮೇಲಿಂದಲೇ ಅದು ಯಾರ ಕೆನ್ನೆ ಎಂದು ಹೇಳಬಲ್ಲ ಪಂಡಿತರೂ ಅವರಲ್ಲಿದ್ದರು. ನಾನು ಗೋಡೆ ಬಡಿದರೆ ಆ ಕಡೆ ಒಂದು ಕ್ಷಣ ಸುಮ್ಮನಾಗುತ್ತಿತ್ತು, ಆಮೇಲೆ ಮತ್ತೆ ಶುರು.

ಆಳು ಗಿಡ್ಡ. ತಲೆ ನೇರ ಹೆಗಲ ಮೇಲೇ ಕೂತಿದೆಯೇನೋ ಎನ್ನುವಂಥ ಕುತ್ತಿಗೆ. ಚಳಿಗಾಲದಲ್ಲೂ ಅಂಗಿಯ ತೋಳು ಮೊಣಕೈಯ ಮೇಲಕ್ಕೆ ಮಡಿಚಿರಬೇಕು. ಕೈಗೆ ವಾಚಿಲ್ಲ, ಬೆರಳಿಗೆ ಉಂಗುರವಿಲ್ಲ. ಜೇಬಿನಲ್ಲಿ ಮಾತ್ರ ಸದಾ ಒಂದು ಕತ್ತರಿ. ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಒಳಗೆ ಬರುವ ಹುಡುಗರ ಮುಂಗೈ ಹಿಡಿದು ಅಲ್ಲಿ ಕಟ್ಟಿರುವ ದಾರಗಳನ್ನು ಕತ್ತರಿಸಿ ಹಾಕುತ್ತಿದ್ದರು. ಮಠದ ದಾರವೋ ದರ್ಗಾದ ದಾರವೋ, ಅವರ ಕತ್ತರಿಗೆ ಭೇದವಿರಲಿಲ್ಲ. ಹೀಗಾಗಿ ಎರಡೂ ಕಡೆಯವರು ಪ್ರಿನ್ಸಿಪಾಲರ ಕೋಣೆಗೆ ಬಂದು ಗದ್ದಲ ಮಾಡಿ ಹೋಗಿದ್ದರು. ಪ್ರಿನ್ಸಿಪಾಲರು ಮೆದು ಮನುಷ್ಯ. ಇಂಥ ಪ್ರತಿಯೊಂದು ಗದ್ದಲಕ್ಕೂ ನನ್ನನ್ನು ಕರೆದು, "ಮೇಡಂ, ನೀವೊಂದು ಮಾತು ಹೇಳ್ರಿ ಅವರಿಗೆ" ಅನ್ನುತ್ತಿದ್ದರು. ನಾನು ಹೋಗಿ ಹೇಳುತ್ತಿದ್ದೆ. ಅವರು ಹೇಳಿದ್ದನ್ನು ತಂದು ಪ್ರಿನ್ಸಿಪಾಲರಿಗೆ ಒಪ್ಪಿಸುತ್ತಿದ್ದೆ. ಯಾವುದೂ ಬದಲಾಗುತ್ತಿರಲಿಲ್ಲ.

ಅವರು ನನಗೆ ಐಡ್ಲರ್ ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ. ಆ ಹೆಸರು ಅರ್ಥವಾಗಬೇಕೆಂದರೆ ಅವರ ಪಾಠವನ್ನು ಸ್ವಲ್ಪ ಹೇಳಬೇಕು. ಹಲ್ಲುಗಾಲಿಗಳು ಒಂದರ ಹಲ್ಲು ಒಂದು ಕಚ್ಚಿ ಸಾಲಾಗಿ ತಿರುಗಿದರೆ ಅದು ಗೇರ್ ಟ್ರೇನ್. ಸಾದಾ ಟ್ರೇನಿನಲ್ಲಿ ಒಂದೊಂದು ಗಾಲಿಗೆ ಅದನ್ನು ಹೊತ್ತು ತಿರುಗುವ ಒಂದೊಂದು ದಂಡ. ಮೊದಲಿನದು ತಿರುಗಿಸುತ್ತದೆ, ಕೊನೆಯದು ತಿರುಗುತ್ತದೆ. ನಡುವೆ ಇರುವ ಗಾಲಿಯೇ ಐಡ್ಲರ್. ಅದು ವೇಗ ಹೆಚ್ಚಿಸುವುದಿಲ್ಲ, ಕಡಿಮೆಯನ್ನೂ ಮಾಡುವುದಿಲ್ಲ. ಆ ಕಡೆಯದನ್ನು ಈ ಕಡೆಗೆ ದಾಟಿಸಿ ದಿಕ್ಕು ಬದಲಿಸುತ್ತದೆ, ಅಷ್ಟೇ. ಹುಡುಗರನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ, ಕೈ ಅಗಲಿಸಿ ತಿರುಗಿಸಿ ಇದನ್ನು ತೋರಿಸುತ್ತಿದ್ದರು. ನಾನು ಆ ದಾರಿಯಲ್ಲಿ ಹೋದರೆ, "ಬರ್ರಿ ಮೇಡಂ, ನಡುವ ನಿಂದ್ರರಿ" ಎಂದು ಎಲ್ಲರೆದುರು ಕರೆದು ನಗಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಕಾಂಪೌಂಡ್ ಟ್ರೇನಿನ ಪಾಠದ ದಿನ ಯಾರಿಗೂ ನಗು ಬರುತ್ತಿರಲಿಲ್ಲ. ಅದರಲ್ಲಿ ಒಂದೇ ದಂಡದ ಮೇಲೆ ಎರಡು ಗಾಲಿ, ಒಂದು ದೊಡ್ಡದು, ಒಂದು ಚಿಕ್ಕದು. ಹೀಗೆ ಜೋಡಿ ಜೋಡಿಯಾಗಿ ಇಳಿಯುತ್ತ ಹೋದರೆ ಮೋಟಾರು ಎಷ್ಟೇ ಬಿರುಸಾಗಿ ತಿರುಗಲಿ, ಕೊನೆಯ ಗಾಲಿ ಕೋಣ ನಡೆದಂತೆ ನಿಧಾನ. ಕಳೆದುಹೋದ ವೇಗವೆಲ್ಲ ಅದರಲ್ಲಿ ಬಲವಾಗಿ ಕೂತಿರುತ್ತದೆ. ಬೇರೆ ಮೇಷ್ಟ್ರುಗಳು ಇದನ್ನು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ಮುಗಿಸುತ್ತಾರೆ. ಇವರು ಬೆಳಿಗ್ಗೆಯೇ ಮಟನ್ ಮಾರ್ಕೆಟ್ಟಿಗೆ ಹೋಗಿ ಕುರಿಯ ಕಾಲು ತರುತ್ತಿದ್ದರು.

ವರ್ಕ್‌ಶಾಪಿನ ಮೂಲೆಯಲ್ಲಿ ಮುಚ್ಚಳ ತೆಗೆದ ಹಳೆಯ ಗೇರುಗಳ ಒಂದು ಜೋಡಣೆ ಇತ್ತು. ಹುಡುಗರನ್ನು ಅದರ ಸುತ್ತ ನಿಲ್ಲಿಸಿ, ಕುರಿಕಾಲನ್ನು ಎತ್ತಿ ಹಿಡಿದು, ಯಾರಾದರೊಬ್ಬನನ್ನು ಹೆಸರು ಹಿಡಿದು ಕರೆದು, "ಇದು ನಿನ್ನ ಕೈ" ಅನ್ನುತ್ತಿದ್ದರು. ಆಮೇಲೆ ಇಡೀ ಶೆಡ್ಡು ನಡುಗುವಂತೆ, "ಕೈ ಹಿಂದ!" ಎಂದು ಕೂಗುತ್ತಿದ್ದರು. ಎಲ್ಲರೂ ಎರಡೂ ಕೈ ಬೆನ್ನ ಹಿಂದೆ ಕಟ್ಟಬೇಕು. ಕಟ್ಟದವನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಯಾವ ಯಂತ್ರದ ಸ್ವಿಚ್ಚು ಒತ್ತುವ ಮೊದಲೂ ಅವರದು ಇದೇ ಮಂತ್ರ. ಸ್ವಿಚ್ಚು ಒತ್ತಿ ಕುರಿಕಾಲನ್ನು ಕೊನೆಯ ನಿಧಾನದ ಗಾಲಿಗೆ ಕೊಟ್ಟರೆ ಅದು ಅವಸರವಿಲ್ಲದೆ ಒಳಗೆ ಎಳೆದುಕೊಳ್ಳುತ್ತಿತ್ತು. ಎಲುಬು ಒಡೆಯುವ ಸದ್ದನ್ನು ನಾನು ಶೆಡ್ಡಿನ ಗೋಡೆಯ ಆಚೆಯಿಂದ ಕೇಳಿದ್ದೇನೆ. ಮೂಳೆ, ಮಜ್ಜೆ, ಕೂದಲು ಸಮೇತ ಆ ಕಡೆ ಬರುತ್ತಿದ್ದುದನ್ನು ಹುಡುಗರು ಕೈಯಲ್ಲಿ ಹಿಡಿದು ನೋಡಲೇಬೇಕು. ಮಾಂಸ ಕಂಡೇ ಇರದ ಮನೆಗಳ ಹುಡುಗರು ಅಲ್ಲೇ ಕಾರಿಕೊಳ್ಳುತ್ತಿದ್ದರು. "ನಿಧಾನ ತಿರುಗೋ ಗಾಲಿಗೆ ಅಂಜರಿ" ಎಂದು ಅವರಿಗೆ ನೀರು ಕೊಡುತ್ತಲೇ ಬೈಯುತ್ತಿದ್ದರು.

ಇದು ಪಾಠವೋ ಕಟುಕತನವೋ ಎಂದು ನಾನು ಅವರ ಮುಖಕ್ಕೇ ಕೇಳಿದ್ದೆ. ಹೊಡೆಯದೆ ನಿಮಗೆ ಕಲಿಸಲು ಬರುವುದೇ ಇಲ್ಲವೇ ಎಂದೂ ಕೇಳಿದ್ದೆ. ಅವರು ಕತ್ತರಿಯಿಂದ ಉಗುರು ತೆಗೆಯುತ್ತ ಹೇಳಿದರು:

"ನಾ ಹೊಡದ್ರ ಸಂಜಿತನಕ ಉರೀತದ ಮೇಡಂ. ಗಾಲಿ ಹೊಡದ್ರ ಸಾಯೂತನಕ."

ಕೇಳಲು ಚೆನ್ನಾಗಿದೆ. ಆದರೆ ಕವಿತಾಳದಿಂದ ಬರುತ್ತಿದ್ದ ಒಬ್ಬ ಹುಡುಗನಿಗೆ ಅವರ ಏಟು ಸಂಜೆಗೆ ಮುಗಿಯಲಿಲ್ಲ. ಲೇಥಿನ ಮುಚ್ಚಳ ತೆರೆದಿಟ್ಟು ಸ್ವಿಚ್ಚು ಒತ್ತಿದ್ದಕ್ಕೆ ಕಪಾಳಕ್ಕೆ ಹೊಡೆದರು, ಅವನ ಕಿವಿಯ ಪೊರೆ ಹರಿಯಿತು. ಆ ದಿನ ನಾನು ಸ್ಟಾಫ್ ರೂಮಿನಲ್ಲಿ ಅವರ ಮೇಲೆ ಕೂಗಾಡಿದ್ದೆ. ಅವರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಮಾರನೆಯ ದಿನ ಬಸ್ಸು ಹತ್ತಿ ಕವಿತಾಳಕ್ಕೆ ಹೋದರಂತೆ. ಹುಡುಗನ ತಾಯಿ ಬಾಗಿಲಲ್ಲೇ ಅವರ ಮೈಮೇಲೆ ಸಗಣಿ ನೀರು ಎರಚಿ ಕಳಿಸಿದಳಂತೆ. ಅವಳು ಮಾಡಿದ್ದು ಸರಿ ಎಂದೇ ನನ್ನ ಭಾವನೆ. ಹುಡುಗ ಮತ್ತೆ ಕಾಲೇಜಿಗೆ ಬರಲಿಲ್ಲ. ಅಲ್ಲಿಂದ ಮುಂದೆ ಸರ್ ಅವರ ಏಟು ಕೆನ್ನೆಯಿಂದ ಬೆನ್ನಿಗೆ ಇಳಿಯಿತು. ಇದನ್ನು ಸುಧಾರಣೆ ಎನ್ನುವವರು ಅನ್ನಲಿ.

ಇಂಥ ಮನುಷ್ಯನ ಹಿಂದೆ ಏನೋ ಒಂದು ದುಃಖದ ಕತೆ ಇರಲೇಬೇಕೆಂದು ಎಲ್ಲರಿಗೂ ಅನ್ನಿಸುತ್ತಿತ್ತು. ಯಾಪಲದಿನ್ನಿ ಕಡೆಯ ಕೂಲಿ ಮಾಡುವ ಮನೆತನ, ಮನೆಯಲ್ಲಿ ಬುದ್ಧನ ಪಟ. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲ. ಅಪ್ಪನ ಕೈ ಹೋಗಿತ್ತಂತೆ ಎಂದು ಕೆಲವರು, ಇಲ್ಲ ತಮ್ಮನದು ಎಂದು ಕೆಲವರು. ಒಮ್ಮೆ ನಾನೇ ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ನಮ್ಮಪ್ಪ ಎರಡೂ ಕೈ ಇಟ್ಕೊಂಡ ಸತ್ತಾನ್ರಿ. ಕಾರಣ ಯಾಕ ಬೇಕು? ಗಾಲಿ ಅದ, ಹಲ್ಲು ಅದ, ಕೈ ಅದ. ಇಷ್ಟ ಸಾಲದೇನು?" ಎಂದರು. ನನಗೂ ಆಮೇಲೆ ಅದು ಸಾಕು ಅನ್ನಿಸಿತು.

ಆಯುಧಪೂಜೆ ಹತ್ತಿರ ಬಂದರೆ ಅವರು ಇನ್ನಷ್ಟು ಕೆಟ್ಟವರಾಗುತ್ತಿದ್ದರು. ನಮ್ಮ ಕಡೆಯ ಮಿಲ್ಲುಗಳಲ್ಲಿ ಅಂದು ಯಂತ್ರಗಳ ಮುಚ್ಚಳ ಬಿಚ್ಚಿ, ಗಾಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅವಕ್ಕೆ ವಿಭೂತಿ ಎಳೆದು ಕುಂಕುಮ ಇಟ್ಟು ಚೆಂಡುಹೂವಿನ ಮಾಲೆ ಹಾಕುತ್ತಾರೆ. ಮಂಗಳಾರತಿ ಆದ ಮೇಲೆ ಸ್ವಲ್ಪ ಹೊತ್ತು ಗಾಲಿ ತಿರುಗಿಸಬೇಕು. ವಿಭೂತಿಯ ಪಟ್ಟೆ ಮೇಲೇರಿ ಇಳಿಯುವುದನ್ನು ಎಲ್ಲರೂ ಕಣ್ಣಾರೆ ಕಂಡರೆ ಆ ವರ್ಷ ಮಿಲ್ಲು ನಿಲ್ಲುವುದಿಲ್ಲವೆಂದು ನಂಬಿಕೆ. ನೋಡಬೇಕೆಂದರೆ ಮುಚ್ಚಳ ತೆಗೆದೇ ಇರಬೇಕು. ನಮ್ಮ ವರ್ಕ್‌ಶಾಪಿನಲ್ಲಿ ಸರ್ ಇದನ್ನು ನಡೆಯಗೊಡಲಿಲ್ಲ. ಪೂಜೆ ಮುಚ್ಚಳಕ್ಕೇ ಆಗಬೇಕು. ಒಂದು ವರ್ಷ ಯಾರೋ ಲೇಥಿನ ದಂಡಕ್ಕೆ ಹಾಕಿದ್ದ ಮಾಲೆಯನ್ನು ಕಿತ್ತು, ಅದೇ ಮಾಲೆಯಿಂದ ವರ್ಕ್‌ಶಾಪ್ ಸಹಾಯಕನನ್ನು ಅಂಗಳದ ತುಂಬ ಅಟ್ಟಿಸಿಕೊಂಡು ಹೊಡೆದಿದ್ದರು. ಊರ ಮಿಲ್ಲುಗಳಿಗೂ ಕರೆಯದೆ ಹೋಗಿ ಇದೇ ಜಗಳ ತೆಗೆಯುತ್ತಿದ್ದರು. ಹಿರೇಕೊಟ್ನೆಕಲ್ ದಾರಿಯ ಒಂದು ಮಿಲ್ಲಿನವರು ಅವರನ್ನು ಕುತ್ತಿಗೆ ಹಿಡಿದು ಹೊರಗೆ ಹಾಕಿ, ಹಿಂದಿನಿಂದ ತೆಂಗಿನಚಿಪ್ಪು ತೂರಿದ್ದರಂತೆ.

ಮಾನ್ವಿಯಲ್ಲಿ ನನ್ನ ಸೋದರಮಾವನ ಅಕ್ಕಿ ಮಿಲ್ಲಿದೆ. ಅಪ್ಪ ಬೇಗ ಹೋಗಿಬಿಟ್ಟದ್ದರಿಂದ ನಾನು ಬೆಳೆದದ್ದೇ ಮಾವನ ಮನೆಯಲ್ಲಿ. ಲಿಂಗಪೂಜೆ ಆಗದೆ ನೀರು ಮುಟ್ಟದ ಮನುಷ್ಯ, ಹಬ್ಬದ ದಿನ ಹಮಾಲರ ಎಲೆಗೆ ತಾನೇ ಹುಗ್ಗಿ ಬಡಿಸುವವನು. ಅವನ ಮಿಲ್ಲಿನಲ್ಲಿ ಭತ್ತವನ್ನು ಗುಂಡಿಯಿಂದ ಅಟ್ಟಕ್ಕೆ ಎತ್ತುವ ಹಳೆಯ ಎಲಿವೇಟರ್ ಇತ್ತು. ಅದನ್ನು ನಡೆಸುತ್ತಿದ್ದದ್ದು ಅಜ್ಜನ ಕಾಲದ ಎರಕದ ಗಾಲಿಗಳು. ಇಂಥ ಗಾಲಿ ಈಗ ಎಲ್ಲೂ ಸಿಗುವುದಿಲ್ಲ, ಹುಡುಗರಿಗೆ ತೋರಿಸಬೇಕು, ಮೊದಲು ನಾನು ನೋಡುತ್ತೇನೆ ಎಂದು ಸರ್ ನನ್ನ ಬೆನ್ನು ಬಿದ್ದರು. ಮಾವನಿಗೆ ಹೇಳಿದೆ. ಪೂಜೆಯ ದಿನವೇ ಕರೆದುಕೊಂಡು ಬಾ, ಊಟಕ್ಕೂ ಆಯಿತು ಎಂದ.

ಮಿಲ್ಲಿನ ತುಂಬ ಬಾಳೆಕಂದು, ಊದುಬತ್ತಿ, ಚೆಂಡುಹೂವಿನ ವಾಸನೆ. ಒಂದು ಹಲಗೆಯ ಮೇಲೆ ಪಾನಾ, ಇಕ್ಕಳ, ದೊಡ್ಡ ಸುತ್ತಿಗೆ ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿದ್ದರು. ಅಂದು ಅವನ್ನು ಯಾರೂ ಕೆಲಸಕ್ಕೆ ಮುಟ್ಟುವಂತಿಲ್ಲ. ಎಲಿವೇಟರಿನ ತಗಡಿನ ಮುಚ್ಚಳ ಗೋಡೆಗೆ ಒರಗಿತ್ತು. ಮೋಟಾರಿನ ಕಡೆಯ ಚಿಕ್ಕ ಗಾಲಿ, ನಡುವೆ ಐಡ್ಲರ್, ಈಚೆಗೆ ಸೊಂಟದೆತ್ತರದ ದೊಡ್ಡ ಗಾಲಿ ವಿಭೂತಿ ಬಳಿದುಕೊಂಡು ನಿಂತಿತ್ತು. ದಂಡದ ತುದಿಗೆ ಮಾಲೆ. ಸರ್ ಅದನ್ನು ಕಂಡದ್ದೇ ತಡ, ಮುಚ್ಚಳದ ಹತ್ತಿರ ಹೋಗಿ ಅದನ್ನು ಎತ್ತಿಕೊಂಡರು.

"ಸಾವುಕಾರ್ರೇ, ಇದನ್ನ ಹಾಕಿ ಇದರ ಮ್ಯಾಲೆ ವಿಭೂತಿ ಹಚ್ಚರಿ. ನಿಮ್ಮ ದೇವರು ತಗಡಿನ ಮ್ಯಾಲೂ ಇರ್ತಾನ."

"ದೇವರ ಮುಖಕ್ಕ ಮುಸುಕು ಹಾಕಂತೀರೇನ್ರಿ ಸರ್?" ಮಾವ ನಗುತ್ತ ಅವರ ಕೈಯಿಂದ ಮುಚ್ಚಳ ಇಸಿದುಕೊಂಡ. "ಮೆಲ್ಲಕ ತಿರುಗತದ, ಏನೂ ಆಗಂಗಿಲ್ಲ."

ಸರ್ ದನಿ ಏರಿಸಿದರು, ಹಮಾಲರು ಹತ್ತಿರ ಬಂದರು. ಮಾವ ಹಬ್ಬದ ದಿನ ಜಗಳ ಬೇಡವೆಂದು ಎಲ್ಲರನ್ನೂ ಸುಮ್ಮನಿರಿಸಿದ. ಮಂಗಳಾರತಿ ಆಯಿತು. ಸ್ವಿಚ್ಚಿನ ಕಡೆ ಆಳು ಹೋಗುತ್ತಿದ್ದಂತೆ ಸರ್ ತಮ್ಮ ಎಂದಿನ ಗಂಟಲಲ್ಲಿ, "ಕೈ ಹಿಂದ!" ಎಂದರು. ಅಭ್ಯಾಸಬಲದಿಂದ ನನ್ನ ಕೈ ಹಿಂದಕ್ಕೆ ಹೋಯಿತು. ಉಳಿದವರು ನಕ್ಕರು.

ದೊಡ್ಡ ಗಾಲಿ ನಿಧಾನವಾಗಿ ತಿರುಗತೊಡಗಿತು. ವಿಭೂತಿಯ ಪಟ್ಟೆ ಮೇಲೇರಿತು, ಎಲ್ಲರೂ ಕೈಮುಗಿದರು. ಅಷ್ಟರಲ್ಲಿ ಮಾಲೆ ದಂಡದ ತುದಿಯಿಂದ ಜಾರಿತು. ಪಕ್ಕದಲ್ಲಿ ಅರಿಶಿನದ ನೀರಿನ ತಂಬಿಗೆ ಹಿಡಿದು ನಿಂತಿದ್ದವಳು ಹುಲಿಗೆಮ್ಮ, ಮಿಲ್ಲಿನಲ್ಲಿ ಭತ್ತ ಒಣಗಿಸುವ ಹೆಂಗಸು. ದೇವರ ಹೂ ನೆಲಕ್ಕೆ ಬೀಳಬಾರದೆಂದು ಅವಳು ಕೈ ಚಾಚಿದಳು. ಮಾಲೆಯ ದಾರ ಮುಂಗೈಗೆ ಸುತ್ತಿಕೊಂಡಿತು, ಗಾಲಿ ಅದನ್ನು ಎಳೆಯಿತು. ಕುರಿಕಾಲು ಹೋದಂತೆಯೇ ಅವಳ ಕೈ ಅವಸರವಿಲ್ಲದೆ ಒಳಗೆ ಹೋಯಿತು. ನಾನು ಗೋಡೆಯ ಆಚೆಯಿಂದ ಕೇಳುತ್ತಿದ್ದ ಸದ್ದನ್ನು ಈಗ ಎದುರಲ್ಲೇ ಕೇಳಿದೆ. ಆಮೇಲೆ ಅವಳ ಕೂಗು. ಯಾರೋ ಸ್ವಿಚ್ಚು ತೆಗೆದರು. ಐಡ್ಲರ್‌ಗೂ ದೊಡ್ಡ ಗಾಲಿಗೂ ನಡುವೆ ಬೆರಳೆಲ್ಲ ಸಿಕ್ಕಿಕೊಂಡು ಗಾಲಿ ನಿಂತಿತ್ತು. ವಿಭೂತಿಯ ಮೇಲೆ ರಕ್ತ ಇಳಿದು ಕೆಸರಾಗುತ್ತಿತ್ತು.

ಇಬ್ಬರು ಹಮಾಲರು ಮೋಟಾರಿನ ಬೆಲ್ಟಿಗೆ ಕೈ ಹಾಕಿ ಗಾಲಿಯನ್ನು ಹಿಂದಕ್ಕೆ ತಿರುಗಿಸಲು ಹೊರಟರು. ಸರ್ ಒಬ್ಬನ ಎದೆಗೆ ಒದ್ದು ಬೀಳಿಸಿದರು. ಹಿಂದಕ್ಕೆ ತಿರುಗಿಸಿದರೆ ಹಲ್ಲುಗಳು ಬಂದ ದಾರಿಯಲ್ಲೇ ಕೈಯನ್ನು ಮತ್ತೊಮ್ಮೆ ಅಗಿಯುತ್ತವೆ, ಐಡ್ಲರ್ ಒಡೆದು ತೆಗೆಯದೆ ದಾರಿಯಿಲ್ಲ ಎಂದು ಕಿರುಚಿದರು. ಹಲಗೆಯ ಮೇಲಿನ ದೊಡ್ಡ ಸುತ್ತಿಗೆ ಎತ್ತಿಕೊಂಡರು, ಅದರ ಮೇಲಿಟ್ಟಿದ್ದ ಹೂ ಉದುರಿತು. ಮಾವ ಓಡಿಬಂದು ಎರಡೂ ಕೈಯಿಂದ ಸುತ್ತಿಗೆಯ ಹಿಡಿ ಹಿಡಿದುಕೊಂಡ. ಅವನ ಮುಖ ಬಿಳಿಚಿಹೋಗಿತ್ತು.

"ಪೂಜಾ ಆದದ್ದನ್ನ ಇವತ್ತ ಮುಟ್ಟಬಾರದ್ರಿ ಸರ್. ಗಾಲಿ ಒಡೀಬ್ಯಾಡ್ರಿ, ನಮ್ಮಪ್ಪನ ಗಾಲಿ. ಹಿಂದಕ್ಕ ತಿರುಗಸೋಣು, ಬರ್ತದ."

ಮಾವ ಕೆಟ್ಟವನಾಗಿ ಹಾಗೆ ಅನ್ನಲಿಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಹೆದರಿಕೆಯಲ್ಲಿ ಅವನ ಕೈಗೆ ಸಿಕ್ಕದ್ದು ಅಷ್ಟೇ, ಅಪ್ಪ ಮತ್ತು ಪೂಜೆ. ಆದರೆ ಹುಲಿಗೆಮ್ಮ ಅಲ್ಲಿ ಗಾಲಿಗೆ ಜೋತುಬಿದ್ದು ಯಪ್ಪಾ ಯಪ್ಪಾ ಅನ್ನುತ್ತಿದ್ದಳು. ಸರ್ ಹಿಡಿಯನ್ನು ತಿರುವಿ ಅದರ ತುದಿಯಿಂದ ಮಾವನ ಎದೆಗೆ ತಿವಿದರು. ಅವನು ಬಾಳೆಕಂದಿನ ಮೇಲೆ ಮಗುಚಿ ಬಿದ್ದ. ಆಮೇಲೆ ಸುತ್ತಿಗೆ ಐಡ್ಲರ್ ಮೇಲೆ ಬಿತ್ತು. ಎರಕದ ಕಬ್ಬಿಣ ಬಗ್ಗುವುದಿಲ್ಲ. ಕೆಲವು ಏಟಿಗೆ ಅದು ಹಂಚಿನಂತೆ ಸೀಳಿ ಚೂರು ನನ್ನ ಕಾಲಿಗೂ ಸಿಡಿಯಿತು. ಕೈ ಬಿಡುಗಡೆಯಾಯಿತು. ನಾನು ಅದನ್ನು ನನ್ನ ಸೆರಗಿನಲ್ಲಿ ಸುತ್ತಿ ಎತ್ತಿ ಹಿಡಿದೆ. ನನ್ನ ಕಣ್ಣು ಆ ಕೈಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹಿಂದೆ ಇನ್ನೊಂದು ಕೂಗು ಕೇಳಿಸಿತು. ಯಾರದೆಂದು ತಿರುಗಿ ನೋಡಲಿಲ್ಲ.

ನಾವು ಹುಲಿಗೆಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ರಾಯಚೂರಿನ ಆಸ್ಪತ್ರೆಗೆ ಹೊರಟ ಮೇಲೆ ಹಮಾಲರು ಸರ್ ಅವರನ್ನು ಹಿಡಿದು ಬಡಿದರು. ಚೀಲ ಎತ್ತುವ ಕೊಕ್ಕೆಯ ಹಿಡಿಗಳಿಂದ, ಒದೆಗಳಿಂದ, ಅವರು ನೆಲಕ್ಕೆ ಬಿದ್ದ ಮೇಲೂ. ತಮ್ಮ ಅಪ್ಪನ ಕೆಲಸವನ್ನೇ ಮಾಡುವ ಆ ಜನರ ಮೇಲೆ ಅವರು ತಿರುಗಿ ಕೈ ಎತ್ತಲಿಲ್ಲವಂತೆ. ಎಡಗಿವಿಯಿಂದ ರಕ್ತ ಬಂದು ಆ ಕಿವಿ ಮತ್ತೆ ಕೇಳಿಸಲಿಲ್ಲ. ಸುದ್ದಿ ತಿಳಿದಾಗ ನನಗೆ ಮೊದಲು ನೆನಪಾದದ್ದು ಕವಿತಾಳದ ಹುಡುಗ. ಹಾಗೆ ನೆನಪಾಗಬಾರದಿತ್ತು, ಆದರೆ ಆಯಿತು.

ಹುಲಿಗೆಮ್ಮನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಉಳಿದವು. ಹಿಂದಕ್ಕೆ ತಿರುಗಿಸಿದ್ದರೆ ಅವೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮಾವನ ಬಲಗಡೆಯ ಹೆಗಲೆಲುಬು ಮುರಿದಿತ್ತು, ಮಗುಚಿ ಬಿದ್ದದ್ದಕ್ಕೆ ಎಂದುಕೊಂಡೆ. ಪೊಲೀಸರವರೆಗೆ ಹೋದದ್ದನ್ನು ಊರ ಹಿರಿಯರು ನಡುವೆ ಬಂದು ರಾಜಿ ಮಾಡಿಸಿದರು. ಆದರೆ ಇಲಾಖೆ ಬಿಡಲಿಲ್ಲ, ಸರ್ ಅವರನ್ನು ಅಮಾನತಿನಲ್ಲಿಟ್ಟು ವಿಚಾರಣೆ ಶುರುಮಾಡಿತು. ಹಮಾಲರು ಅವರು ಸಾವುಕಾರರನ್ನು ಹುಚ್ಚುಹಿಡಿದವರಂತೆ ಬಡಿದರೆಂದು ಹೇಳಿದ್ದರು. ಅವರ ನೌಕರಿ ಉಳಿಯುವುದು ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನಾನೇನೂ ನೋಡಲಿಲ್ಲವೆಂದು ಹೇಳಿಬಿಡು, ಉಪ್ಪು ತಿಂದ ಮನೆ ಎಂದು ಅವ್ವ ನನ್ನ ಕೈ ಹಿಡಿದು ಅತ್ತಳು. ವಿಚಾರಣೆಯ ಅಧಿಕಾರಿ ಕೇಳಿದಾಗ ಕಂಡದ್ದನ್ನು ಹೇಳಿದೆ. ಒಂದು ಏಟು, ಸುತ್ತಿಗೆ ಬಿಡಿಸಿಕೊಳ್ಳಲು ಹೊಡೆದದ್ದು. ಆ ಏಟು ಬೀಳದಿದ್ದರೆ ಆ ಹೆಂಗಸಿನ ಕೈ ಇರುತ್ತಿರಲಿಲ್ಲ. ನಡುವಿನ ಗಾಲಿಯಾಗಿ ಆ ಕಡೆಯದನ್ನು ಈ ಕಡೆ ದಾಟಿಸುತ್ತಿದ್ದವಳು ಆ ದಿನ ಯಾರದನ್ನೂ ದಾಟಿಸಲಿಲ್ಲ. ಸರ್ ಅವರ ನೌಕರಿ ಉಳಿಯಿತು, ಶಿಕ್ಷೆಯೆಂದು ದೇವದುರ್ಗಕ್ಕೆ ವರ್ಗವಾಯಿತು. ಮಾವನ ಮನೆಯ ಬಾಗಿಲು ನನಗೆ ಮುಚ್ಚಿತು. ಹಬ್ಬಕ್ಕೆ ಕರೆ ಬರಲಿಲ್ಲ, ದಾರಿಯಲ್ಲಿ ಸಿಕ್ಕರೆ ಮಾವ ಮುಖ ತಿರುಗಿಸುತ್ತಿದ್ದ.

ಸರ್ ಒಂದು ಥ್ಯಾಂಕ್ಸ್ ಕೂಡ ಹೇಳದೆ ಹೋದರು. ನನಗೆ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಕೆಲವು ವರ್ಷಗಳ ಮೇಲೆ ಪರೀಕ್ಷೆಯ ಕೆಲಸಕ್ಕೆ ದೇವದುರ್ಗಕ್ಕೆ ಹೋದಾಗ ಅವರನ್ನು ಕಂಡೆ. ಖಾಲಿ ಕ್ಲಾಸಿನಲ್ಲಿ ಒಂದು ಮಾದರಿ ಇಟ್ಟುಕೊಂಡು ಕೂತಿದ್ದರು. ನಡುವೆ ಸೂರ್ಯನೆಂಬ ಗಾಲಿ, ಅದರ ಸುತ್ತ ಗ್ರಹಗಳೆಂಬ ಚಿಕ್ಕ ಗಾಲಿಗಳು, ಹೊರಗೆ ಹಲ್ಲಿನ ಬಳೆ. ಎಪಿಸೈಕ್ಲಿಕ್ ಟ್ರೇನ್. ಕೂದಲು ಪೂರ್ತಿ ನರೆತಿತ್ತು. ನಾನು ಎಡಗಡೆ ಕೂತಿದ್ದೆ, ಎದ್ದು ಬಲಗಡೆಗೆ ಬನ್ನಿ ಎಂದು ಸನ್ನೆ ಮಾಡಿದರು. ಬಳೆಯನ್ನು ಬೆರಳಿಂದ ಹಿಡಿದು ನಡುವಿನದನ್ನು ತಿರುಗಿಸುತ್ತ, "ಇದರಾಗ ಒಂದನ್ನ ಹಿಡದು ನಿಂದ್ರಸಾಕ ಬೇಕು ಮೇಡಂ. ಒಂದನ್ನೂ ಹಿಡೀಲಿಲ್ಲಂದ್ರ ಎಲ್ಲಾ ತಿರುಗತಾವ, ಕೆಲಸ ಮಾತ್ರ ಆಗಂಗಿಲ್ಲ" ಎಂದರು. ಪಾಠ ಹೇಳುವ ದನಿಯಲ್ಲೇ ಮುಂದುವರಿಸಿದರು.

"ನಿಮ್ಮ ಮಾವಗ ಬಿದ್ದದ್ದು ಎರಡು ಏಟು. ಎರಡನೇದು ನೀವು ನೋಡಲಿಲ್ಲ."

ನನಗೆ ಆ ಇನ್ನೊಂದು ಕೂಗು ನೆನಪಾಯಿತು. "ಎರಡನೆಯದು ಯಾಕ್ರೀ?" ಎಂದೆ.

"ಕೈ ಬಂದಿತ್ತು. ಸಿಟ್ಟು ಹೋಗಿದ್ದಿಲ್ಲ. ಬಿದ್ದಲ್ಲೇ ಹೆಗಲಿಗೆ ಇಟ್ಟೆ."

ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲವೆಂದು ಕೇಳಿದೆ. ನೌಕರಿ ಬೇಕಿತ್ತು ಎಂದರು. ಹೇಳಿ, ಬಳೆಯ ಮೇಲಿನ ಬೆರಳು ತೆಗೆದರು. ನನ್ನ ಮಾತಿಗಾಗಿ ನಾನು ಒಂದು ಮನೆಯನ್ನೇ ಕಳೆದುಕೊಂಡಿದ್ದೆ, ಆ ಮಾತು ಅರ್ಧವಾಗಿತ್ತು. ಆ ಕ್ಷಣ ಅವರ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿದ್ದು ಸತ್ಯ. ತರಿಸಿದ್ದ ಚಹಾ ಮುಟ್ಟದೆ ಎದ್ದು ಬಂದೆ. ಮತ್ತೆ ಅವರನ್ನು ನೋಡಲಿಲ್ಲ. ಅಲ್ಲಿಂದಲೇ ನಿವೃತ್ತರಾದರು, ಯಾಪಲದಿನ್ನಿಯಲ್ಲಿ ತೀರಿಕೊಂಡರು.

ಸುದ್ದಿ ಬಂದ ವಾರದಲ್ಲೇ ಮಾವನ ಫೋನು ಬಂತು. ಎಷ್ಟೋ ವರ್ಷಗಳ ಮೇಲೆ ಕೇಳಿದ ದನಿ, ಗುರುತು ಹತ್ತಲು ಹೊತ್ತಾಯಿತು. "ಆಯುಧಪೂಜಿಗಿ ಬಾ ಯವ್ವಾ" ಎಂದ, ಅಷ್ಟೇ. ಹೋದೆ.

ಅದೇ ಬಾಳೆಕಂದು, ಅದೇ ಹೂವಿನ ವಾಸನೆ. ಐಡ್ಲರ್ ಹೊಸದಂತೆ, ನಾನು ಅದನ್ನು ನೋಡಲಿಲ್ಲ. ನೋಡಲು ಆಗುವಂತಿರಲಿಲ್ಲ. ಮೂರೂ ಗಾಲಿಗಳ ಮೇಲೆ ದಪ್ಪ ತಗಡಿನ ಮುಚ್ಚಳ ಕೂತಿತ್ತು, ಸುತ್ತ ಬೋಲ್ಟು ಬಿಗಿದಿತ್ತು. ಹುಲಿಗೆಮ್ಮ ಉಳಿದ ಎರಡು ಬೆರಳಿನಿಂದಲೇ ಆ ತಗಡಿನ ಮೇಲೆ ವಿಭೂತಿ ಎಳೆಯುತ್ತಿದ್ದಳು. ನನ್ನನ್ನು ಕಂಡು ಚೆನ್ನಾಗಿದ್ದೀರೇನ್ರಿ ಅಕ್ಕಾರ ಎಂದು ಕೇಳಿ ತನ್ನ ಕೆಲಸ ಮುಂದುವರಿಸಿದಳು. ಮುಚ್ಚಳ ಯಾವಾಗಿನಿಂದ ಎಂದು ಮಾವನನ್ನು ಕೇಳಿದೆ. ಅದರ ಮರುವರ್ಷದ ಪೂಜೆಯಿಂದಲೇ ಎಂದ. ಹುಲಿಗೆಮ್ಮನ ಕೈ ನೋಡಿ ಹಾಕಿಸಿದೆಯಾ ಎಂದೆ. ಅವನು ನನ್ನ ಮುಖ ನೋಡಲಿಲ್ಲ.

"ಮೊದಲನೇ ಏಟು ಆಕಿ ಕೈ ಸಲುವಾಗಿ ಬಿತ್ತು, ಅದು ನನಗ ಅವತ್ತ ಮರ್ತುಹೋತು. ಎರಡನೇದು ಮರೀಲಿಲ್ಲ ಯವ್ವಾ. ದಿನಾ ಅಂಗಿ ಹಾಕ್ಕೊಳ್ಳೂವಾಗ ನೆನಪಾಗತದ."

ಅಂದರೆ ಹೊಡೆತವೇ ಕಲಿಸಿತು ಎಂದಾಯಿತು. ಜೀವನವಿಡೀ ಗೋಡೆ ಬಡಿದು ನಾನು ಅಲ್ಲಗಳೆದದ್ದು ಇದನ್ನೇ. ಈಗಲೂ ಒಪ್ಪುವುದಿಲ್ಲ. ಕವಿತಾಳದ ಹುಡುಗ ನನ್ನ ಕಡೆ ಇದ್ದಾನೆ. ಆದರೆ ಮುಚ್ಚಳ ಅಲ್ಲೇ ಇತ್ತು, ನನ್ನ ಕಣ್ಣೆದುರು, ವಿಭೂತಿ ಹಚ್ಚಿಕೊಂಡು. ನನಗೆ ಅಳು ಬಂತು. ಸತ್ತವರಿಗಾಗಿಯೋ ಮಾವನಿಗಾಗಿಯೋ ಸಿಟ್ಟಿಗೋ, ವಿಂಗಡಿಸಲು ಹೋಗಲಿಲ್ಲ.

ಮಂಗಳಾರತಿ ಮುಗಿಯಿತು. ಆಳು ಸ್ವಿಚ್ಚಿನ ಹತ್ತಿರ ಹೋಗಿ ನಿಂತು ಮಾವನ ಕಡೆ ನೋಡಿದ. ಮಾವ ಗಂಟಲು ಸರಿಮಾಡಿಕೊಂಡು, ಜೋರಾಗಿ ಅಲ್ಲ, "ಕೈ ಹಿಂದ" ಎಂದ.

ಹಮಾಲರು ಕೈ ಹಿಂದೆ ಕಟ್ಟಿದರು. ಹುಲಿಗೆಮ್ಮ ತಂಬಿಗೆ ಕೆಳಗಿಟ್ಟು ಕಟ್ಟಿದಳು. ನಾನೂ ಕಟ್ಟಿದೆ. ಮಾವನ ಎಡಗೈ ಬೆನ್ನ ಹಿಂದೆ ಹೋಯಿತು. ಬಲಗೈ ಅರ್ಧಕ್ಕೆ ನಿಂತು, ಸೊಂಟದ ಪಕ್ಕದಲ್ಲೇ ಉಳಿಯಿತು.